ಐದನೆಯ ಕೊಳವೆಯ ಮಣ್ಣು

ಕಾಲಿನಿಂದ ರಕ್ತ ಹರಿಯುತ್ತಿತ್ತು, ನೋವು ಮಾತ್ರ ಇರಲಿಲ್ಲ. ಹೊಂಗಡಹಳ್ಳದಲ್ಲಿ ನನ್ನ ಮೊದಲ ಸಂಜೆ ಅದು. ಬಾಡಿಗೆಗೆ ಕೋಣೆ ಕೊಟ್ಟ ಗೌರಮ್ಮ ಸುಣ್ಣ ಹಚ್ಚಿ ನಕ್ಕರು. "ಇಂಬಳ ಕಣವ್ವ. ಹೊಟ್ಟೆ ತುಂಬಾ ಕುಡ್ದು ಉದುರಿ ಹೋಗ್ಬುಟ್ಟೈತೆ." ಇಂಬಳವೆಂದರೆ ಜಿಗಣೆ. ವಿಜಾಪುರದ ಬಯಲಲ್ಲಿ ಬೆಳೆದ ನನಗೆ ನೆಲ ಸುಡುವುದು ಗೊತ್ತಿತ್ತು, ಕಚ್ಚುವುದು ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಗುಡ್ಡದ ಕಾಫಿ ತೋಟಗಳಿಂದ ಎಷ್ಟು ಮಣ್ಣು ಕೊಚ್ಚಿಹೋಗಿದೆ ಎಂದು ಅಳೆಯುವುದು ನನ್ನ ಕೆಲಸ. ಐವತ್ತು, ಅರವತ್ತರ ದಶಕಗಳಲ್ಲಿ ದೂರದ ದೇಶಗಳು ಪರೀಕ್ಷೆಗೆಂದು ಸಿಡಿಸಿದ ಅಣುಬಾಂಬುಗಳಿಂದ ಹೊಮ್ಮಿದ ಸೀಸಿಯಂ ಎಂಬ ವಿಕಿರಣ ಧಾತು ಮಳೆಯೊಂದಿಗೆ ಈ ಗುಡ್ಡಗಳ ಮೇಲೂ ಇಳಿದಿದೆ. ಅತ್ಯಲ್ಪ, ಅಪಾಯವಿಲ್ಲ. ಮಣ್ಣಿನ ಕಣಕ್ಕೆ ಒಮ್ಮೆ ಅಂಟಿದರೆ ಬಿಡುವುದಿಲ್ಲ, ಮಣ್ಣು ಹೋದಲ್ಲಿಗೇ ಹೋಗುತ್ತದೆ. ಅದರ ವಿಕಿರಣ ಎಣಿಸಿದರೆ ಮಣ್ಣಿನ ದಾರಿ ತಿಳಿಯುತ್ತದೆ. ಹೋಲಿಕೆಗೆ ಮಾತ್ರ, ಆಗಿನಿಂದ ಯಾರೂ ಗುದ್ದಲಿ ತಾಕಿಸದ ತುಂಡು ನೆಲ ಬೇಕು.

"ನಮ್ಮನೆ ಹಿಂದಿನ ಬೀಳು ತಗೋ, ಯಾರೂ ಅಗ್ದಿಲ್ಲ," ಎಂದರು ಗೌರಮ್ಮ.

"ಅಲ್ಲಿ ಬರೀ ಕಲ್ಲು," ಎಂದರು ಅವರ ಗಂಡ ರುದ್ರಪ್ಪ.

"ಎಲ್ಲೈತೆ ಕಲ್ಲು? ನಿಮ್ ತಲೇಲೈತೆ!"

ಐದು ಕಡೆ ಕಬ್ಬಿಣದ ಕೊಳವೆ ಇಳಿಸಿ ಮಣ್ಣು ತೆಗೆದೆ. ರುದ್ರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಿಜವಾಗಿ ನಿಂತಿದ್ದರೇ? ಆಮೇಲೆ ತಿಳಿದದ್ದು ಅವರನ್ನು ಅಲ್ಲಿಗೆ ತಂದು ನಿಲ್ಲಿಸಿರಬಹುದು.

ವಿಜಾಪುರದ ನಮ್ಮ ಕಪ್ಪು ಎರೆಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಮಣ್ಣು ಬಿರುಕಿಗೆ ಬೀಳುತ್ತದೆ, ಮಳೆಗೆ ಉಬ್ಬಿ ಒಳಗಿನದು ಮೇಲೇಳುತ್ತದೆ. ಯಾರೂ ಅಗೆಯದಿದ್ದರೂ ತನ್ನನ್ನು ತಾನೇ ಮಗುಚಿಕೊಳ್ಳುವ ನೆಲ. ಇಲ್ಲಿನ ಕೆಂಪು ಮಣ್ಣು ಹಾಗಲ್ಲ. ಲ್ಯಾಬಿನಲ್ಲಿ ನಾಲ್ಕು ಕೊಳವೆಗಳ ಸೀಸಿಯಂ ಮೇಲಿನ ಒಂದು ಗೇಣಿನಲ್ಲೇ ಸಿಕ್ಕಿತು. ಹಲಸಿನ ಮರದ ಬುಡದ ಐದನೆಯದರಲ್ಲಿ ಮಾತ್ರ ಎರಡಡಿ ಆಳದವರೆಗೂ ಒಂದೇ ಸಮ. ಅಂದರೆ ಅದು ತೋಡಿ, ಮತ್ತೆ ಮುಚ್ಚಿದ ಗುಂಡಿ.

ಜೋಳದ ರೊಟ್ಟಿ ಬಡಿದ ಕೈ ಅಕ್ಕಿರೊಟ್ಟಿ ಹರಿಯದಂತೆ ತಟ್ಟಲು ಮೂರು ತಿಂಗಳು ಹಿಡಿಯಿತು. ಗೌರಮ್ಮ "ಈಗ ಚೆನ್ನಾಗೈತೆ" ಎಂದ ಬೆಳಿಗ್ಗೆ, ಆ ಖುಷಿಯಲ್ಲೇ ತಮಾಷೆ ಮಾಡಿದೆ: "ಅಮ್ಮಾರ, ನಿಮ್ಮ ನೆಲ ನಿಮ್ಮ ಸುಳ್ಳು ಹಿಡದೈತ್ರಿ. ಹಲಸಿನ ಗಿಡದ ಮೂಲ್ಯಾಗ ಯಾರೋ ತೆಗ್ಗು ತೋಡಿ ಮುಚ್ಚ್ಯಾರ."

"ಅಲ್ಯಾರು ತೋಡ್ತಾರೆ? ಏನ್ರೀ?"

ರುದ್ರಪ್ಪ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದಿದ್ದರು. "ಹಳ್ಳ ದಾಟಕ್ಕಾಗ್ಲಿಲ್ಲ ಕಣೇ. ನೀರು ಎದೆಮಟ್ಟ. ಕೂಸ ಎತ್ಕೊಂಡು ಎರಡು ಸಲ ಇಳಿದೆ."

ಒಂಬತ್ತು ದಿನ ಬದುಕಿದ್ದ ಮಗಳು. ನಮ್ಮ ಮನೆಯಂತೆ ಇವರೂ ಶೈವರು, ಸತ್ತವರನ್ನು ಹೂಳುವವರು. ಹಳ್ಳದಾಚೆ ಹಿರಿಯರ ಪಕ್ಕದಲ್ಲಿ ಮಲಗಿಸಿ ಬಂದೆ ಎಂದು ಬಾಣಂತಿಗೆ ಹೇಳಿದ್ದರು. ಸುಮಾರು ಮೂವತ್ತು ವರ್ಷ, ಪ್ರತಿ ಕಾರ್ತಿಕದಲ್ಲಿ ಗೌರಮ್ಮ ಹಳ್ಳ ದಾಟಿ ಹೂವಿಟ್ಟು ಬರುತ್ತಿದ್ದರು. ಆ ವರ್ಷ ಚಪ್ಪಲಿ ಕೈಯಲ್ಲಿ ಹಿಡಿದು ನಾನೂ ಹೋಗಿದ್ದೆ.

ಗೌರಮ್ಮ ಅಳಲಿಲ್ಲ. "ಪಾತ್ರೆ ತೊಳೆದ್ ನೀರ ದಿನಾ ಅತ್ಲಾಗೇ ಎರಚ್ತಿದ್ನಲ್ರೀ," ಎಂದರು. "ನೋಡ್ಕೊಂಡು ಸುಮ್ನಿದ್ರಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ಲಿಂದ ತಗೊಂಡ್ಹೋದ ಮಣ್ಣೆಲ್ಲೈತೆ?"

"ಲ್ಯಾಬಿನ್ಯಾಗ, ಅಮ್ಮಾರ. ಒಣಗಿಸಿ, ಜರಡಿ ಹಿಡದು ಡಬ್ಬಿಗೆ ಹಾಕೀವಿ."

"ತಂದ್ಕೊಡು."

ದಾಖಲೆಯಲ್ಲಿ "ಹೋಲಿಕೆಗೆ ಅನರ್ಹ" ಎಂದು ಬರೆದು ಡಬ್ಬಿಗಳನ್ನು ತಂದೆ. ಪ್ರತಿ ಮುಚ್ಚಳದ ಮೇಲೂ ನನ್ನ ಕೈಬರಹದಲ್ಲಿ ಆಳದ ಅಳತೆ. ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ, ಇಲ್ಲ, ಬಿಸಿಲಿತ್ತು. ಗೌರಮ್ಮ ಹಲಸಿನ ಬುಡದಲ್ಲಿ ಕೂತು ಕೇಳಿದರು: "ಯಾವ್ದು ತಳದ್ದು?" ತೋರಿಸಿದೆ. ಅದನ್ನು ಮೊದಲು ಸುರಿದರು. ಅದರ ಮೇಲಿನದು ಆಮೇಲೆ. ರುದ್ರಪ್ಪ ಬಾಗಿಲಲ್ಲಿ ನಿಂತಿದ್ದರು. ಬಹುಶಃ ನನಗೆ ನೆನಪಿರುವುದು ಈ ದಿನದ ಬಾಗಿಲು.

ಈಗಲೂ ಅದೇ ಕೋಣೆಯಲ್ಲಿದ್ದೇನೆ. ಪಾತ್ರೆ ತೊಳೆದ ನೀರನ್ನು ಮನೆ ಸುತ್ತಿ ಒಯ್ದು ಆಚೆ ಬದಿಗೆ ಚೆಲ್ಲುತ್ತೇವೆ. ವಿಜಾಪುರಕ್ಕೆ ಹೋದರೆ ಬಕೆಟ್ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತುಬಿಡುತ್ತೇನೆ. "ಚೆಲ್ಲ, ಏನ್ ನೋಡ್ತಿ?" ಎನ್ನುತ್ತಾಳೆ ಅವ್ವ. ನಾನು ಹುಟ್ಟಿದ ಮನೆ. ಎಲ್ಲಿ ಚೆಲ್ಲಬೇಕೆಂದು ತಿಳಿಯುವುದಿಲ್ಲ.