ನಗಬಾರದ ಫೋಟೋ

ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಪಕ್ಕದ ಬೀದಿಯಲ್ಲಿ ನನ್ನದು ಹೂವಿನಂಗಡಿ, ಎದುರಿಗೆ ನಯೀಮನ ಫೋಟೋ ಸ್ಟುಡಿಯೋ. ಒಬ್ಬ ಗಂಡಸಿಗೆ ಇಷ್ಟು ಬಾಯಿ ಇರಬಾರದು. ಮದುಮಕ್ಕಳು ಬರಲಿ, ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಅಜ್ಜಿ ಬರಲಿ, ನಗಿಸದೆ ಬಟನ್ ಒತ್ತುವವನಲ್ಲ. ಹೂ ಕಟ್ಟುತ್ತಾ ಕೂತ ನನ್ನನ್ನೂ ದಿನಾ ಏನಾದರೊಂದು ಹೇಳಿ ಕೆಣಕುತ್ತಾನೆ. ನಾನು ಬೈಯುತ್ತೇನೆ. ಬೈದಷ್ಟೂ ಅವನಿಗೆ ಖುಷಿ.

ಅವನ ಹೆಂಡತಿ ಅಂಬ್ರೀನ್ ಡಿಪ್ಲೊಮಾ ಓದಿದವಳು. ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಮೊಬೈಲ್ ಬಿಡಿಭಾಗ ಜೋಡಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ಕಂಪನಿ ಬಸ್ಸು ನಮ್ಮ ಬೀದಿಯ ಮೂಲೆಯಲ್ಲಿ ನಿಂತರೆ ಸಾಕು, ಗಿರಾಕಿಯನ್ನು ಸ್ಟೂಲಿನ ಮೇಲೇ ಬಿಟ್ಟು ನಯೀಮ ಹೊರಗೆ ಬಂದು ನಿಲ್ಲುತ್ತಿದ್ದ.

ಹೋದ ವರ್ಷ ಜರ್ಮನಿಯ ಒಂದು ಕಂಪನಿ ವಿಡಿಯೋದಲ್ಲೇ ಇಂಟರ್‌ವ್ಯೂ ಮಾಡಿ ಅವಳನ್ನು ಆರಿಸಿತು. ಅಲ್ಲಿ ಯಂತ್ರ ಬಲ್ಲವರು ಸಾಲುತ್ತಿಲ್ಲವಂತೆ, ಅಂಥವರನ್ನು ಕರೆಸಿಕೊಳ್ಳಲೆಂದೇ ಬೇರೆ ವೀಸಾ ಇದೆಯಂತೆ. ಹೆಂಗಸು ಒಬ್ಬಳೇ ಹೋಗುವುದೇ ಎಂದು ಕೆಲವು ನೆಂಟರು ಮೂಗು ಮುರಿದರು. ನಯೀಮ ಮಾತ್ರ ತಾನೇ ಆಯ್ಕೆಯಾದವನ ಹಾಗೆ ಬೀದಿಗೆಲ್ಲ ಸ್ವೀಟು ಹಂಚಿದ. ಅವಳು ಕಂಪನಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಜರ್ಮನ್ ಕಲಿತಳು.

ಎಲ್ಲಾ ಸರಿಹೋಗಿ ಕೊನೆಗೆ ಎಡವಿದ್ದು ಫೋಟೋದಲ್ಲಿ. ಗಂಡ ತೆಗೆದ ಫೋಟೋದಲ್ಲಿ ಹಲ್ಲು ಕಾಣುತ್ತಿದೆ, ನಗಬಾರದು ಎಂದು ವೀಸಾ ಕೇಂದ್ರದವರು ವಾಪಸ್ ಕಳಿಸಿದರು. ಮರುದಿನ ಬೆಳಿಗ್ಗೆಯೇ ಹೊಸದು ಕೊಡಬೇಕು. ಅದು ತಪ್ಪಿದರೆ ಮುಂದಿನ ತಾರೀಖು ಸಿಗುವಷ್ಟರಲ್ಲಿ ಆ ಕಂಪನಿ ಇನ್ನೊಬ್ಬರನ್ನು ತೆಗೆದುಕೊಂಡಿರುತ್ತದೆ.

ಆವತ್ತು ಸಂಜೆ ನಾನೂ ಸ್ಟುಡಿಯೋಗೆ ಹೋಗಿ ನಿಂತೆ. ಅಂಬ್ರೀನ್ ದುಪಟ್ಟಾ ಸರಿಮಾಡಿಕೊಂಡು ಬಿಳಿ ಪರದೆಯ ಮುಂದೆ ಕೂತಳು. ನಯೀಮ ಕ್ಯಾಮೆರಾ ಹಿಂದೆ ಹೋದದ್ದೇ ತಡ, ಅವಳಿಗೆ ನಗು. ಅವನು ಬಾಯಿ ಬಿಡದಿದ್ದರೂ ನಗು. ಎಂಟು ವರ್ಷದ ಅಭ್ಯಾಸ, ಏನು ಮಾಡುವುದು? ಬೇರೆ ಸ್ಟುಡಿಯೋಗಾದರೂ ಹೋಗಿ ಎಂದೆ. ಇಬ್ಬರೂ ನನ್ನನ್ನು ತಿಂದುಬಿಡುವ ಹಾಗೆ ನೋಡಿದರು. ಮತ್ತೆ ಕೂತಳು, ಮತ್ತೆ ನಗು. ಕೆಲಸ ಕೈತಪ್ಪುತ್ತದೆ ಎಂಬ ಹೆದರಿಕೆಗೆ ಕಣ್ಣಲ್ಲಿ ನೀರು, ಆದರೂ ನಗು ನಿಲ್ಲದು.

ನಯೀಮ ಕ್ಯಾಮೆರಾದಿಂದ ತಲೆ ಎತ್ತಿದ.

"ಅಂಬ್ರೀನ್, ನೀನ್ ಹೋದ್ಮೇಲೆ ಸಂಜೆ ಬಸ್ ನಿಂತ್ರೆ ನಾನ್ ಯಾರ್ನ ನೋಡ್ಲಿ?"

ಅವಳ ನಗು ನಿಂತಿತು. ಅವನು ಬಟನ್ ಒತ್ತಿದ. ಫೋಟೋ ಪಾಸಾಯಿತು, ವೀಸಾ ಬಂತು, ಅವಳು ವಿಮಾನ ಹತ್ತಿದಳು.

ಆಮೇಲೂ ಬಸ್ಸು ಬರುವ ಹೊತ್ತಿಗೆ ಅವನು ಹೊರಗೆ ನಿಲ್ಲುವುದು ತಪ್ಪಲಿಲ್ಲ. ಕೈಯಲ್ಲಿ ಫೋನು. ಆ ಹೊತ್ತಿಗೆ ಅವಳಿಗೆ ಅಲ್ಲಿ ಮಧ್ಯಾಹ್ನದ ಊಟದ ಬಿಡುವು. ಅವಳು ನಗುವುದು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು.

ಕಳೆದ ವಾರ ನಯೀಮ ಓಡಿಬಂದ. ಅಂಬ್ರೀನ್ ಅಲ್ಲಿ ಮನೆ ಮಾಡಿದ್ದಾಳಂತೆ, ಗಂಡನನ್ನು ಕರೆಸಿಕೊಳ್ಳಲು ವೀಸಾ ಕೊಡುತ್ತಾರಂತೆ. ಕ್ಯಾಮೆರಾ ಎಲ್ಲಾ ಸರಿಮಾಡಿಟ್ಟಿದ್ದೇನೆ, ಬಟನ್ ಒತ್ತಿದರೆ ಸಾಕು ಲಕ್ಷ್ಮಕ್ಕ ಎಂದು ನನ್ನನ್ನು ಎಳೆದುಕೊಂಡು ಹೋದ. ಸ್ಟೂಲಿನ ಮೇಲೆ ಕೂತವನ ಬಾಯಿ ಕಿವಿಯವರೆಗೆ. ಮುಚ್ಚೋ ಎಂದರೆ ಮುಚ್ಚುತ್ತಾನೆ, ಕೆನ್ನೆ ಉಬ್ಬುತ್ತದೆ. ಬಾಯಿಗೆ ಬಂದಂತೆ ಬೈದೆ. ಇನ್ನಷ್ಟು ನಕ್ಕ, ದರಿದ್ರದವನು.

"ಲೇ ನಯೀಮಾ, ನೀನೂ ಹೋದ್ಮೇಲೆ ನಾನ್ ಯಾರ್ನ ಬೈಲೋ?" ಎಂದೆ.

ಅವನ ಮುಖ ಹಾಗೇ ನಿಂತಿತು. ಬಟನ್ ಒತ್ತಿದೆ.

ಫೋಟೋ ಚೆನ್ನಾಗಿ ಬಂದಿತ್ತು. ನನ್ನ ಉಪಾಯವನ್ನೇ ಕಲಿತುಬಿಟ್ಟೆಯಲ್ಲ ಅಕ್ಕಾ ಎಂದು ಅವನು ಹೊಗಳಿದ. ಉಪಾಯವಂತೆ! ನಾನು ಅಂಗಡಿಗೆ ಬಂದು ಹೂ ಕಟ್ಟಲು ಕೂತೆ.