ಒಂದೇ ಕಡೆಗೆ ಮೂವತ್ತು ಸುತ್ತು

ಕಳೆದ ವರ್ಷ ನಮ್ಮ ಪಡಸಾಲೆಯ ಗೋಡೆ ಗಡಿಯಾರ ಐದು ದಿನ ನಿಂತಿತ್ತು. ಸೆಲ್ ಮುಗಿದಿರಲಿಲ್ಲ, ನಾನೇ ತೆಗೆದಿದ್ದೆ. ತಂತಿ ಮುಟ್ಟಿಸದೆ ಒಂದು ಬಲ್ಬು ಹೊತ್ತಿಸಿ ತೋರಿಸಬೇಕಾಗಿತ್ತು. ಮನೆಯಲ್ಲಿ ಬೇರೆ ಸೆಲ್ ಇರಲಿಲ್ಲ. ಅಂಗಡಿಯಿಂದ ತರಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ನಮ್ಮ ಮನೆ ನಾರಾಯಣಖೇಡಿನಲ್ಲಿ, ಬೇಳೆಕಾಳಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿದೆ. ಮುಂದಿನ ಕೋಣೆಯೇ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಕಟ್ಟಿಕೊಡುವುದು ನಮ್ಮ ಕಸುಬು. ಅಂಗಡಿಯನ್ನು ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ನಡೆಸುತ್ತಾರೆ. ನನ್ನ ಗಂಡ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವವರು, ತಂತಿಯ ತಂಟೆಗೆ ಬಂದವರಲ್ಲ. ಮನೆಗೂ ಅಂಗಡಿಗೂ ನಡುವೆ ಒಂದು ಹೂವಿನ ಪರದೆ ಇದೆ. ನಾನು ಸೊಸೆಯಾಗಿ ಬಂದು ಆಗ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷವೂ ಆ ಪರದೆಯ ಈಚೆ ಕೂತು ತಂತಿ ಸುತ್ತಿದ್ದೆ.

ಸುಟ್ಟ ಮೋಟಾರಿನಿಂದ ಕತ್ತರಿಸಿ ತೆಗೆದ ಕರಿ ತಂತಿ ಗೋಣಿಚೀಲದಲ್ಲಿ ನನ್ನ ಕಡೆ ಬರುತ್ತದೆ. ಎಷ್ಟು ಸುತ್ತು ಇತ್ತು, ತಂತಿ ಎಷ್ಟು ದಪ್ಪ ಎಂದು ನೋಡುವುದು ನನ್ನ ಕೆಲಸ. ಆಮೇಲೆ ಮರದ ಅಚ್ಚಿನ ಮೇಲೆ, ನಾವು ಅದಕ್ಕೆ ಫರ್ಮಾ ಅನ್ನುತ್ತೇವೆ, ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ದಾರದಿಂದ ಕಟ್ಟಿ ಪರದೆಯ ಆಚೆ ಕೊಡುತ್ತೇನೆ. ಅದನ್ನು ಮೋಟಾರಿನ ಖಾನೆಗಳಲ್ಲಿ ಕೂರಿಸಿ, ಯಾವ ತುದಿಗೆ ಯಾವ ತುದಿ ಸೇರಬೇಕೋ ಸೇರಿಸುವುದು ಭಾವನವರ ಕೆಲಸ. ಅದರ ಹೆಸರು ಕನೆಕ್ಷನ್. ಅದನ್ನು ಅವರು ಯಾರಿಗೂ ಹೇಳಿಕೊಟ್ಟಿಲ್ಲ. ನಾನು ಚಹಾ ಕೊಡಲು ಹೋದಾಗಲೆಲ್ಲ ನಿಂತು ನೋಡಿ ಕಲಿತಿದ್ದೇನೆ. ಇಪ್ಪತ್ತೆರಡು ವರ್ಷದಲ್ಲಿ ಚಹಾ ಎಷ್ಟು ಸಲ ಆಗುತ್ತದೆ ಎಂದು ನೀವೇ ನೋಡಿ.

ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಬಂದ ಪ್ರತಿ ಮೋಟಾರಿನ ಸುತ್ತು ಅದರಲ್ಲಿ ಬರೆದಿದ್ದೇನೆ. ಜೊತೆಗೆ ಆ ದಿನದ ಮಾತು ಒಂದಿಷ್ಟು. ‘ಸಿರ್ಗಾಪುರದ ಹಸಿರು ಮೋಟಾರು, ಇಪ್ಪತ್ನಾಲ್ಕು ಖಾನೆ, ನಲವತ್ತೆರಡು ಸುತ್ತು, ಹಿಂಡಿಪಲ್ಲೆಗೆ ಉಪ್ಪು ಜಾಸ್ತಿಯಾಯಿತು’, ಹೀಗೆ. ನಾನು ಬೀದರ್ ಕಡೆಯವಳು, ಬರೆದದ್ದೆಲ್ಲ ಕನ್ನಡದಲ್ಲಿ. ಭಾವನವರು ಓದಿದ್ದು ತೆಲುಗು ಶಾಲೆ. ಹಾಗಾಗಿ ಹಳೆಯ ಮೋಟಾರೊಂದು ತಿರುಗಿ ಬಂದರೆ ಪುಸ್ತಕವನ್ನು ನಾನೇ ಓದಿ ಹೇಳಬೇಕು.

ಇನ್ನೊಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನೆದುರು ಕೂಡುವುದಿಲ್ಲ. ಭಾವನವರು ಪಡಸಾಲೆಗೆ ಬಂದರೆ ನಾನು ಏಳಬೇಕು, ತೊಡೆಯ ಮೇಲೆ ಫರ್ಮಾ ಇದ್ದರೂ ಏಳಬೇಕು. ಎದ್ದರೆ ತಂತಿ ಸಡಿಲಾಗುತ್ತದೆ, ಲೆಕ್ಕ ತಪ್ಪುತ್ತದೆ. ಅವರು ನೀರು ಕುಡಿದು ಹೋಗುವ ತನಕ ‘ನಲವತ್ತೊಂದು’ ಎಂಬುದನ್ನು ಬಾಯಲ್ಲಿಟ್ಟುಕೊಂಡು ಗೋಡೆಗಂಟಿ ನಿಂತಿದ್ದು ಎಷ್ಟು ಸಲವೋ.

ಭಾವನವರ ಕಣ್ಣಿಗೆ ಪೊರೆ ಬಂತು. ಸಣ್ಣ ತಂತಿಯ ತುದಿ ಕಾಣಿಸದಾಯಿತು. ಜಹೀರಾಬಾದಿನಿಂದ ಒಬ್ಬ ಕೆಲಸಗಾರನನ್ನು ಕರೆಸುತ್ತೇನೆಂದರು. ಆತ ಮಷೀನಿನಲ್ಲಿ ಸುತ್ತಿದ ತಂತಿಯನ್ನು ತಾನೇ ತರುವವನು. ಅಂದರೆ ಕನೆಕ್ಷನ್ ಅವನದು, ಸುತ್ತುವುದೂ ಅವನ ಮಷೀನಿನದು. ನನ್ನ ಫರ್ಮಾ ಅಟ್ಟ ಸೇರುವುದು ನಿಶ್ಚಯವಾಯಿತು. ನನಗೆ ಆ ಕೆಲಸ ಬಿಟ್ಟು ಇನ್ನೊಂದು ಬೇಡ. ಕನೆಕ್ಷನ್ ನಾನು ಮಾಡುತ್ತೇನೆ ಎಂದು ನೆಗೆಣ್ಣಿಯ ಬಾಯಿಂದ, ಅಂದರೆ ಭಾವನವರ ಹೆಂಡತಿಯ ಬಾಯಿಂದ, ಹೇಳಿಸಿದೆ. ಅವರನ್ನು ನಾನು ಅಕ್ಕಾ ಎನ್ನುತ್ತೇನೆ. ಉತ್ತರ ಪರದೆಯ ಆಚೆಯಿಂದಲೇ ಕೇಳಿಸಿತು.

“ಸುತ್ತೋದು ಬ್ಯಾರೆ, ಕನೆಕ್ಷನ್ ಬ್ಯಾರೆ. ತಂತಿಗಿ ತಂತಿ ಕೂಡಿಸಿದ್ರ ಆತು ಅಂತ ತಿಳ್ಕೊಂಡಾಳ. ಅಕೀಗಿ ಕರೆಂಟಂದ್ರ ಏನ್ ಗೊತ್ತದ?”

ಅಕ್ಕ ಒಳಗೆ ಬಂದು, “ಕೇಳಿದೆಲ್ಲ” ಅಂದರು. ಕೇಳಿದೆ ಅಂದೆ. ಅವತ್ತು ರೊಟ್ಟಿ ಬಡಿದ ಸದ್ದು ಸ್ವಲ್ಪ ಜೋರಾಗಿಯೇ ಇದ್ದಿರಬೇಕು.

ಗಿರಾಕಿಯ ಮೋಟಾರು ನನ್ನ ಕೈಗೆ ಯಾರೂ ಕೊಡುವಂತಿರಲಿಲ್ಲ. ಆದರೆ ನನ್ನದೇ ಚೂರು ತಂತಿ, ನನ್ನದೇ ಮನೆಯ ಸೆಲ್ಲು ಬೇಡ ಎನ್ನುವವರು ಯಾರು? ತೊಗರಿಕಾಯಿ ಸುಲಿಯುತ್ತ ಫೋನಿನಲ್ಲಿ ನೋಡಿದ ಒಂದು ಹಿಂದಿ ವಿಡಿಯೊ ನೆನಪಿತ್ತು. ಒಂದು ಸುರುಳಿಗೆ ಕರೆಂಟು ಕೊಟ್ಟರೆ, ಅದರ ಮೇಲೆ ಮುಟ್ಟಿಸದೆ ಹಿಡಿದ ಇನ್ನೊಂದು ಸುರುಳಿಯಲ್ಲಿ ಬಲ್ಬು ಹೊತ್ತುತ್ತದೆ. ತಂತಿಗೆ ತಂತಿ ಕೂಡಿಸಿದರೆ ಆಯಿತು ಎಂದು ತಿಳಿದಿದ್ದೇನಂತೆ. ಸರಿ, ಕೂಡಿಸದೆಯೇ ತೋರಿಸುತ್ತೇನೆ ಅಂದುಕೊಂಡೆ.

ಬೇಕಾದದ್ದು ಬಹಳವಿಲ್ಲ. ಬೋರಿನ ಪ್ಲಾಸ್ಟಿಕ್ ಪೈಪಿನ ತುಂಡಿನ ಮೇಲೆ ತೆಳು ತಾಮ್ರದ ತಂತಿ ಹದಿನೈದು ಸುತ್ತು ಸುತ್ತಬೇಕು. ಅಲ್ಲಿ ಕತ್ತರಿಸದೆ ಒಂದು ಕುಣಿಕೆ ಬಿಟ್ಟು ಮತ್ತೆ ಹದಿನೈದು. ಒಟ್ಟು ಮೂವತ್ತು. ಕುಣಿಕೆಗೆ ಸೆಲ್ಲಿನ ಪ್ಲಸ್. ಒಂದು ತುದಿ ಮೂರು ಕಾಲಿನ ಟ್ರಾನ್ಸಿಸ್ಟರಿನ ಒಂದು ಕಾಲಿಗೆ, ಇನ್ನೊಂದು ತುದಿ ಸಣ್ಣ ರೆಸಿಸ್ಟರ್ ಹಾದು ನಡುವಿನ ಕಾಲಿಗೆ, ಉಳಿದ ಕಾಲು ಸೆಲ್ಲಿನ ಮೈನಸ್ಸಿಗೆ. ಎರಡನೆಯ ಸುರುಳಿಗೆ ಕುಣಿಕೆ ಬೇಡ. ಸುಮ್ಮನೆ ಮೂವತ್ತು ಸುತ್ತು, ಎರಡು ತುದಿಗೆ ಜೋಳದ ಕಾಳಿಗಿಂತ ತುಸು ದೊಡ್ಡದಾದ ಎಲ್‌ಇಡಿ. ಟ್ರಾನ್ಸಿಸ್ಟರ್, ರೆಸಿಸ್ಟರ್, ಎಲ್‌ಇಡಿ ಮೂರನ್ನೂ ಟಿವಿ ರಿಪೇರಿಯವನಿಂದ ತಂದೆ. ಯಾತಕ್ಕೆ ಎಂದು ಕೇಳಿದ. ಹಪ್ಪಳದ ಹಿಟ್ಟಿಗೆ ಅಂದೆ.

ಎರಡನೆಯ ಸುರುಳಿ ಮೊದಲ ದಿನವೇ ಮುಗಿಯಿತು. ಮೊದಲನೆಯದನ್ನೂ ಸುತ್ತಿ, ತುದಿಗಳ ಬಣ್ಣವನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ತಾಮ್ರ ಹೊಳೆಯುವಂತೆ ಮಾಡಿ, ಹೊಸೆದು, ಟೇಪು ಸುತ್ತಿದೆ. ಹೊತ್ತಲಿಲ್ಲ. ತುದಿ ಮತ್ತೆ ತಿಕ್ಕಿದೆ. ಸೆಲ್ಲು ಗಡಿಯಾರಕ್ಕೆ ಹಾಕಿ ನೋಡಿದೆ, ಗಡಿಯಾರ ನಡೆಯಿತು, ತಿರುಗಿ ತೆಗೆದೆ. ಎಲ್‌ಇಡಿಯ ಕಾಲು ಬದಲಿಸಿದೆ. ಟ್ರಾನ್ಸಿಸ್ಟರ್ ಮುಟ್ಟಿದರೆ ಸಣ್ಣಗೆ ಬೆಚ್ಚಗಿತ್ತು, ಅಂದರೆ ಕರೆಂಟು ಹರಿಯುತ್ತಿತ್ತು, ಬಲ್ಬು ಮಾತ್ರ ಕಲ್ಲು. ಹೀಗೆ ಮೂರು ದಿನ. ಇತ್ತ ಗಡಿಯಾರ ನಿಂತಿದ್ದರಿಂದ ಚಹಾದ ಹೊತ್ತು ತಪ್ಪಿ, ಭಾವನವರು ಪರದೆಯ ಆಚೆಯಿಂದ ಕೆಮ್ಮತೊಡಗಿದ್ದರು.

“ಏನ್ ಮಾಡ್ಲತ್ತೀ ಇದು?” ಎಂದು ಅಕ್ಕ ಕೇಳಿದರು. ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. “ತಂತಿ ಇಲ್ದೆ ಹೋಗ್ತದಂದ್ರ ನಡುವ ನಿಂತೋರ ಮೈಯಾಗಿಂದ ಹೋಗ್ತದೇನ?”

“ಮೊದಲ ಹೋಗ್ಲಿ ಬಿಡಕ್ಕಾ. ಹೋದಮ್ಯಾಲ ಹೆದರು.”

ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲ ಬಿಚ್ಚಿದೆ. ಬಿಚ್ಚುವಾಗ ಎಣಿಸುವುದು ನನ್ನ ಅಭ್ಯಾಸ. ಹದಿನೈದು ಬಂತು, ಕುಣಿಕೆ ಬಂತು, ಮುಂದೆ ಬಿಚ್ಚಲು ಹೋದರೆ ಪೈಪು ನನ್ನ ಕೈಯಲ್ಲಿ ತಾನಾಗಿ ತಿರುವುಮುರುವಾಯಿತು. ಅಲ್ಲಿಗೆ ಗೊತ್ತಾಯಿತು. ನಮ್ಮ ಅಂಗಡಿಯ ಮೋಟಾರುಗಳಿಗೆ ಒಂದು ಸೆಟ್ ಸುತ್ತಿದ ಮೇಲೆ ತಂತಿ ಕತ್ತರಿಸದೆ ಫರ್ಮಾ ಮಗುಚಿ, ಮುಂದಿನ ಸೆಟ್ಟನ್ನು ಎದುರು ದಿಕ್ಕಿಗೆ ಸುತ್ತುತ್ತೇವೆ. ಮಾವನವರ ಕಾಲದಿಂದ ಬಂದದ್ದು. ಇಪ್ಪತ್ತೆರಡು ವರ್ಷ ಮಗುಚಿದ ಕೈ ಇಲ್ಲಿಯೂ ಮಗುಚಿತ್ತು. ಮೊದಲಿನ ಹದಿನೈದು ಸುತ್ತು ಮಾಡಿದ್ದನ್ನು ಕೊನೆಯ ಹದಿನೈದು ಹಾಳು ಮಾಡುತ್ತಿದ್ದವು. ಕಲಿಯದವರಾಗಿದ್ದರೆ ಮೊದಲ ದಿನವೇ ಹೊತ್ತಿಸುತ್ತಿದ್ದರು.

ಎಡಗೈಗೆ ಪೈಪನ್ನು ಬಿಗಿಯಾಗಿ ಹಿಡಿಯಲು ಹೇಳಿ, ಮೂವತ್ತೂ ಸುತ್ತನ್ನು ಒಂದೇ ಕಡೆಗೆ ಸುತ್ತಿದೆ. ಸೆಲ್ಲು ಕೂಡಿಸಿ, ಬಲ್ಬಿನ ಸುರುಳಿಯನ್ನು ಮೇಲೆ ಹಿಡಿದೆ. ಹೊತ್ತಿತು. ಕುಂಕುಮದ ಬಣ್ಣದ ಒಂದು ಚುಕ್ಕೆ. ಮೇಲಿನ ಸುರುಳಿಯನ್ನು ಒಂದು ಬೆರಳಿನಷ್ಟು ಎತ್ತಿದೆ, ಎರಡು, ಮೂರು. ನಾಲ್ಕನೆಯ ಬೆರಳಿಗೆ ಆರಿತು. ತುಸು ಇಳಿಸಿದೆ, ಮತ್ತೆ ಹೊತ್ತಿತು. ಅಕ್ಕ ತನ್ನ ಅಂಗೈಯನ್ನು ನಡುವೆ ತೂರಿಸಿದರು. ಬಲ್ಬು ಆರಲಿಲ್ಲ, ಅಕ್ಕನಿಗೂ ಏನೂ ಆಗಲಿಲ್ಲ. “ಅಯ್ಯ, ನನ್ನ ಕೇಳ್ದೆ ಹೊಂಟದ ನೋಡು” ಅಂದರು, ಸ್ವಲ್ಪ ಬೇಜಾರಿನಿಂದಲೇ.

ಮರುದಿನ ಬೆಳಗ್ಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಪರದೆ ದಾಟಿದೆ. ಕೈಯಲ್ಲಿ ಚಹಾ ಇರಲಿಲ್ಲ. ಭಾವನವರು ಗಿಡ್ಡ ಕೆಲಸದ ಮೇಜಿನ ಹಿಂದೆ ಮಣೆಯ ಮೇಲೆ ಕೂತಿದ್ದರು. ಮನೂರಿನ ರೈತರೊಬ್ಬರು ಶೇರ್ ಆಟೋದಲ್ಲಿ ಸುಟ್ಟ ಮೋಟಾರು ತಂದು ಎರಡು ದಿನವಾಗಿತ್ತು. ಅದರ ತಂತಿ ನಾನೇ ಸುತ್ತಿಕೊಟ್ಟಿದ್ದೆ, ಭಾವನವರು ಬೆರಳಿನ ಅಂದಾಜಿನಲ್ಲೇ ಖಾನೆಗಳಲ್ಲಿ ಕೂರಿಸಿಯೂ ಆಗಿತ್ತು. ಕನೆಕ್ಷನ್ನಿಗೆ ನಿಂತಿತ್ತು. ಆ ರೈತರು ಅವತ್ತು ಮತ್ತೆ ಬಂದು ಬಾಗಿಲಲ್ಲಿ ಕೂತಿದ್ದರು.

ಸುರುಳಿಯನ್ನು ಮೇಜಿನ ಮೇಲಿಟ್ಟು, ಸೆಲ್ಲು ಕೂಡಿಸಿ, ಬಲ್ಬಿನ ಸುರುಳಿಯನ್ನು ಮೇಲೆ ಹಿಡಿದೆ. ಹೊತ್ತಲಿಲ್ಲ.

ರೈತರು ಬಗ್ಗಿ ನೋಡಿ, “ಸೆಲ್ ಸತ್ತದೇನ್ರಿ ಬಾಯಾರ?” ಅಂದರು. ಭಾವನವರು ಮೂಗಿನಲ್ಲಿ ನಕ್ಕರು. ಆ ನಗುವಿಗಿಂತ ಮಾತೇ ವಾಸಿ.

ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಒಂದೊಂದಾಗಿ ನೋಡಿದೆ. ತುದಿ ಸರಿಯಿದ್ದವು. ಸೆಲ್ಲು ಸರಿಯಿತ್ತು. ಆಗ ಮೇಜು ಕಂಡಿತು. ಅದರ ಮೇಲೆ ಕಬ್ಬಿಣದ ತಗಡು ಹೊಡೆದಿದ್ದಾರೆ. ಸುರುಳಿ ಹೊರಡಿಸಿದ್ದನ್ನೆಲ್ಲ ತಗಡೇ ನುಂಗುತ್ತಿತ್ತು. ಸುತ್ತ ನೋಡಿದೆ. ಅಂಗಡಿಯಲ್ಲಿ ಕಬ್ಬಿಣವಲ್ಲದ ಜಾಗ ಇಲ್ಲವೆನ್ನುವಷ್ಟು ಕಡಿಮೆ. ನೆಲದ ತುಂಬ ಮೋಟಾರು, ಕುರ್ಚಿಯೂ ಕಬ್ಬಿಣ. ಮೂಲೆಯಲ್ಲಿ ಇನ್ನೊಂದು ಮರದ ಮಣೆ ಇತ್ತು, ಅಷ್ಟು ಕೆಳಗಿಟ್ಟರೆ ಪೊರೆಯ ಕಣ್ಣಿಗೆ ಕಾಣದು. ನಿಂತುಕೊಂಡು ಎರಡು ಕೈಯಲ್ಲಿ ಸೆಲ್ಲು, ಸುರುಳಿ, ಬಲ್ಬು ಮೂರನ್ನೂ ಹಿಡಿಯಲಾಗದು. ನನ್ನ ತೊಡೆ ಒಂದಿತ್ತು. ತೊಡೆ ಬೇಕಾದರೆ ಕೂಡಬೇಕು.

ಆ ಮಣೆಯನ್ನು ಎಳೆದು, ಭಾವನವರ ಎದುರಿಗೆ ಕೂತೆ.

ಬಾಗಿಲಲ್ಲಿದ್ದ ರೈತರು ನನ್ನನ್ನೂ ಭಾವನವರನ್ನೂ ನೋಡಿದರು. ಪರದೆಯ ಹಿಂದೆ ಅಕ್ಕನ ಬಳೆ ಸದ್ದಾದವು. ನಾನು ತಲೆ ಎತ್ತಲಿಲ್ಲ. ಸುರುಳಿಯನ್ನು ತೊಡೆಯ ಮೇಲಿಟ್ಟು ಬಲ್ಬಿನದನ್ನು ಮೇಲೆ ಹಿಡಿದೆ. ಕೆಂಪಗೆ ಹೊತ್ತಿತು. ಭಾವನವರು ಮುಖ ಮುಂದೆ ತಂದರು. ಪೊರೆಯ ಕಣ್ಣಿಗೂ ಅದು ಕಂಡಿತು. ಕೈ ಚಾಚಿದರು, ಬಲ್ಬಿನ ಸುರುಳಿ ಕೊಟ್ಟೆ. ಮೇಲೆ ಕೆಳಗೆ ಮಾಡಿದರು, ಎಲ್ಲಾದರೂ ತಂತಿ ಇದೆಯೇ ಎಂದು ನಡುವೆ ಬೆರಳಾಡಿಸಿದರು. ಆಮೇಲೆ ಕೆಳಗಿನ ಸುರುಳಿಯನ್ನೂ ಇಸಿದುಕೊಂಡು ಉಗುರಿನಿಂದ ಸುತ್ತುಗಳನ್ನು ತಡವಿದರು. ಕುಣಿಕೆಯ ಹತ್ತಿರ ಉಗುರು ನಿಂತಿತು.

“ಮಗಚಿಲ್ಲ ನೀ. ಎರಡೂ ಒಂದೇ ಕಡಿಗಿ ಸುತ್ತೀದಿ.”

“ಹೌದ್ರಿ. ಮೊದಲ ಮಗಚೇ ಸುತ್ತಿದ್ದೆ. ಹತ್ತಲಿಲ್ಲ.”

“ಮೋಟಾರಿಗಿ ಹಿಂಗ ಮಾಡಿದ್ರ ಸುಟ್ಟು ಹೋಗ್ತದ.”

“ಮೋಟಾರಿಗಿ ಹಿಂಗ ಮಾಡಂಗಿಲ್ರಿ. ಯಾವುದಕ್ಕ ಹ್ಯಾಂಗ ಅಂಬೋದು ನನಗ ಗೊತ್ತದ.”

ಅವರು ಸುರುಳಿ ವಾಪಸು ಕೊಟ್ಟರು. “ಇದ್ರಲಿಂದ ಪಂಪ್ ನಡೀತದೇನು?” ಎಂದು ಕೇಳಿದರು. ಇಲ್ಲ ಅಂದೆ. ಮೂರು ಬೆರಳು ಹೋಗುತ್ತದೆ, ನಾಲ್ಕನೆಯದಕ್ಕೆ ಸಾಯುತ್ತದೆ ಅಂದೆ. ಪಂಪ್ ನಡೆಸಲೆಂದು ಮಾಡಿದ್ದಲ್ಲ.

ಮನೂರಿನವರು ನಡುವೆ ಬಾಯಿ ಹಾಕಿದರು. “ಅದೆಲ್ಲ ಛಂದ ಅದರಿ. ನನ್ನ ಮೋಟಾರ್ ಯಾರು ಕಟ್ಟೋರು ಹೇಳ್ರಿ ಮೊದಲ.” ಸೋಮವಾರ ಜಹೀರಾಬಾದಿನವನು ಬರುತ್ತಾನೆ ಎಂದರು ಭಾವನವರು. ಸೋಮವಾರದ ತನಕ ತಮ್ಮ ಮೆಣಸಿನ ಗಿಡ ಕಾಯುವುದಿಲ್ಲ ಎಂದರು ರೈತರು.

ಏಳುವ ಹೊತ್ತು ಅದೇ ಆಗಿತ್ತು. ಬಲ್ಬು ತೋರಿಸಿದ್ದಾಗಿತ್ತು, ತೊಡೆಯ ಕೆಲಸ ಮುಗಿದಿತ್ತು. ನಾನು ಏಳಲಿಲ್ಲ. ಮನೂರಿನ ಮೋಟಾರನ್ನು ಎರಡೂ ಕೈಯಿಂದ ಎಳೆದು ನನ್ನ ಮುಂದೆ ತಂದುಕೊಂಡೆ.

“ಇವತ್ತೇ ಕಟ್ತೀನ್ರಿ ಭಾವ. ನೀವು ಎದುರಿಗೇ ಕೂಡ್ರಿ. ತಪ್ಪಾದ್ರ ಕತ್ತರಿಸಿ ಒಗೀರಿ. ಆದರ ನಿಂತು ಮಾಡೋ ಕೆಲಸ ಅಲ್ಲ ಇದು. ನಿಂತು ಮಾಡಂಗಿಲ್ಲ.”

ಭಾವನವರು ಮೋಟಾರಿನ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಇಕ್ಕಳವನ್ನು ತಗಡಿನ ಮೇಲೆ ನನ್ನ ಕಡೆ ಜರುಗಿಸಿದರು. ಕೊಟ್ಟರು ಎನ್ನಲಾರೆ. ಜರುಗಿಸಿದರು.

ಮಧ್ಯಾಹ್ನದ ಊಟ ಮೀರಿತು. ಒಂದೊಂದು ತುದಿ ಸೇರಿಸಿದಾಗಲೂ ಅವರು ಬೆರಳಿನಿಂದ ತಡವಿ ನೋಡಿದರು. ಎರಡು ಕಡೆ “ಹೂಂ” ಅಂದರು, ಉಳಿದ ಕಡೆ ಅದೂ ಇಲ್ಲ. ಕರೆಂಟು ಕೊಟ್ಟಾಗ ಮೋಟಾರು ತಿರುಗಿತು, ಆದರೆ ಉಲ್ಟಾ. ಸದ್ದಿನಿಂದಲೇ ಅವರಿಗೆ ಗೊತ್ತಾಯಿತು. ಎರಡು ತಂತಿ ಅದಲು ಬದಲು ಮಾಡಿದೆ, ಸರಿಯಾಯಿತು. ಅದು ಅವರ ಕೈಯಲ್ಲೂ ಎಷ್ಟೋ ಸಲ ಆಗಿದೆ, ನಾನೇ ಕಂಡಿದ್ದೇನೆ. ಆದರೂ ಬಂದವರಿಗೆಲ್ಲ, ನಮ್ಮ ಸೊಸೆ ಮೊದಲನೇ ಮೋಟಾರ್ ಉಲ್ಟಾ ತಿರುಗಿಸಿದಳು ಎಂದು ಇವತ್ತಿಗೂ ಹೇಳುತ್ತಾರೆ. ಹೇಳಲಿ. ಎರಡನೆಯದು, ಹತ್ತನೆಯದು ಹೇಗೆ ತಿರುಗಿತು ಎಂದು ನನ್ನ ಪುಸ್ತಕದಲ್ಲಿದೆ.

ಜಹೀರಾಬಾದಿನವನು ಸೋಮವಾರ ಬಂದ. ಈಗಲೂ ವಾರಕ್ಕೆರಡು ದಿನ ಬರುತ್ತಾನೆ, ಭಾರದ ಮೋಟಾರು ಬಿಚ್ಚಿ ಇಳಿಸಲು. ಮಷೀನಿನ ತಂತಿಯನ್ನು ಒಮ್ಮೆ ತಂದಿದ್ದ, ವಾಪಸು ಒಯ್ದ. ಸುತ್ತಿನ ಲೆಕ್ಕ ಕೇಳಿದರೆ ಓದಿ ಹೇಳುತ್ತೇನೆ. ಪುಸ್ತಕ ಮಾತ್ರ ಕೊಡುವುದಿಲ್ಲ. ಕೊಟ್ಟರೂ ಕನ್ನಡ ಅವನಿಗೆ ಬಾರದು. ಬಲ್ಬು ಹೊತ್ತಿಸುವ ನನ್ನ ಆ ಪುಟ್ಟ ಯಂತ್ರ ಕಪಾಟಿನಲ್ಲಿದೆ. ಸೆಲ್ಲು ಗಡಿಯಾರಕ್ಕೆ ವಾಪಸಾಯಿತು. ಅಕ್ಕನಿಗೆ ಯಾರಾದರೂ ನೆಂಟರ ಮುಂದೆ ತೋರಿಸುವ ಮನಸ್ಸಾದಾಗ ಗಡಿಯಾರ ಅರ್ಧ ಗಂಟೆ ನಿಲ್ಲುತ್ತದೆ.

ಭಾವನವರ ಕಣ್ಣಿನ ಆಪರೇಷನ್ ಆಯಿತು. ಮನೆಗೆ ಬಂದು ಕೆಲವು ದಿನವಾದ ಮೇಲೆ, ನಾನು ಅಂಗಡಿಯಲ್ಲಿ ಫರ್ಮಾ ಹಿಡಿದು ಕೂತಿದ್ದಾಗ ಪರದೆ ಸರಿಸಿ ಬಂದರು. ಕಪ್ಪು ಕನ್ನಡಕದೊಳಗಿಂದ ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದಿರಬೇಕು. ಅವರ ಮೇಜು, ಅವರ ಇಕ್ಕಳ, ಎದುರಿನ ಮಣೆಯ ಮೇಲೆ ಕೂತ ನಾನು. ಬಾಗಿಲಲ್ಲೇ ನಿಂತರು. ನನ್ನ ಮೊಣಕಾಲು ಏಳಲು ತಯಾರಾದದ್ದು ನನಗೇ ಗೊತ್ತಾಯಿತು, ಇಪ್ಪತ್ತೆರಡು ವರ್ಷದ ಮೊಣಕಾಲು. ಫರ್ಮಾ ಅದರ ಮೇಲಿತ್ತು, ತಂತಿ ಬಿಗಿಯಾಗಿತ್ತು. ಲೆಕ್ಕ ನಲವತ್ತೊಂದರಲ್ಲಿತ್ತು.

ನಲವತ್ತೆರಡು ಎಂದೆ, ಅವರಿಗೆ ಕೇಳುವಂತೆ, ಕೂತೇ ಸುತ್ತಿದೆ.