ಚಕ್ರದ ಮೇಲಿನ ಮನೆಯ ಇನ್‌ಸ್ಪೆಕ್ಟ್ರಮ್ಮ

ಅವರ ಬಲಗೈ ನಡುಬೆರಳಿನ ಗೆಣ್ಣು ಯಾವಾಗಲೂ ಕಂದಿರುತ್ತಿತ್ತು. ಒಪ್ಪವಾಗಿ ಕತ್ತರಿಸಿದ ಉಗುರು, ಮಣಿಕಟ್ಟಿಗೊಂದು ಗಡಿಯಾರ, ಬಳೆಯಿಲ್ಲ. ಅಂಥ ಓದುಬರಹದ ಕೈಯಲ್ಲಿ ಆ ಒಂದು ಗೆಣ್ಣು ಮಾತ್ರ ಗಾರೆಕೆಲಸದವರ ಕೈಯಂತೆ ದಡ್ಡುಗಟ್ಟಿತ್ತು. ಬೆಳಗಿನ ಕಾಫಿ ಮುಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅಡಿಯಲ್ಲಿದ್ದ ತಗಡಿನ ತೊಟ್ಟಿಯನ್ನು ಆ ಗೆಣ್ಣಿನಿಂದ ಮೇಲಿನಿಂದ ಕೆಳಕ್ಕೆ ಕುಟ್ಟಿಕೊಂಡು ಬರುತ್ತಿದ್ದರು. ಟಣ್ ಅಂದರೆ ಖಾಲಿ. ದಬ್ ಅಂದರೆ ಅಲ್ಲಿಯವರೆಗೆ ತುಂಬಿದೆ ಎಂದರ್ಥ.

ಯಾದವಗಿರಿಯಲ್ಲಿ ಅವರದು ನಮ್ಮ ಎದುರುಮನೆ. ಹೆಣ್ಣುಮಕ್ಕಳ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು, ಹಾಗಾಗಿ ಬೀದಿಗೆಲ್ಲ ಇನ್‌ಸ್ಪೆಕ್ಟ್ರಮ್ಮ. ಮಂಡ್ಯದ ಕಡೆಯ ಒಕ್ಕಲುಮನೆಯ ಮಗಳು. ಗಂಡನ ಮುಖ ನೆನಪಾಗದಷ್ಟು ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಅಪ್ಪನ ಹಟದಿಂದ ಮೈಸೂರಿಗೆ ಬಂದು ಓದಿದವರು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಈ ಬೀದಿಗೆ ಸೊಸೆಯಾಗಿ ಬಂದಾಗ, ಅವರ ಕಾಂಪೌಂಡಿನಲ್ಲಿ ಕಾರು ನಿಲ್ಲಬೇಕಾದ ಕಡೆ ಒಂದು ದೊಡ್ಡ ಹಸಿರು ಗಾಡಿ ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಬಿಟ್ಟ ಆಂಬುಲೆನ್ಸ್ ಅದು. ಅದನ್ನು ಕೊಂಡು, ಒಳಗೆ ಎರಡು ಮಂಚ, ಸೀಮೆಎಣ್ಣೆ ಸ್ಟೌ, ಚಾವಣಿಯ ಮೇಲೆ ಕುಡಿಯುವ ನೀರಿನ ಪೀಪಾಯಿ, ಹಿಂದಿನ ಮೂಲೆಯಲ್ಲಿ ಬಾಗಿಲಿರುವ ಪುಟ್ಟ ಕಕ್ಕಸು, ಎಲ್ಲ ಮಾಡಿಸಿದ್ದರು. ಗಾಡಿಯ ಅಡಿಯಲ್ಲಿ ಎರಡು ತೊಟ್ಟಿ: ಪಾತ್ರೆ ತೊಳೆದ ನೀರಿಗೊಂದು, ಕಕ್ಕಸಿಗೊಂದು. ಓಡಿಸುವವರೂ ಅವರೇ. ಹುಡುಗರು ಅದನ್ನು ಬಸ್ಸುಮನೆ ಎನ್ನುತ್ತಿದ್ದರು. ದೊಡ್ಡವರು ಏನೇನೋ ಅನ್ನುತ್ತಿದ್ದರು.

ಮೊದಲ ಸಲ ಊರು ಬಿಡುವ ಮುಂಚೆ ಅವರು ತಮ್ಮ ಮನೆಗೆ ಬೀಗ ಹಾಕಿಕೊಂಡು, ಅದೇ ಕಾಂಪೌಂಡಿನೊಳಗೆ ಗಾಡಿಯಲ್ಲಿ ಕೆಲವು ದಿನ ಸಂಸಾರ ಹೂಡಿದರಂತೆ. ತೊಟ್ಟಿ ಎಷ್ಟು ದಿನಕ್ಕೆ ತುಂಬುತ್ತದೆಂದು ತಿಳಿಯುವುದಕ್ಕೆ. ಬೀದಿಯೇ ನಕ್ಕಿತಂತೆ. ನನಗೆ ಈ ಕಥೆ ಹೇಳುವಾಗ ಅವರೂ ನಕ್ಕರು. "ತುಂಬ್ತಾ ಇರೋದು ಯಾರ್ಗೂ ಕಾಣಲ್ಲ ಕಣಮ್ಮ. ಉಕ್ಕಿದ್ಮೇಲೆ ಊರಿಗೇ ಕಾಣುತ್ತೆ" ಎಂದರು. ಅದು ಅವರು ಹೋದಲ್ಲೆಲ್ಲ ಆಡುತ್ತಿದ್ದ ಮಾತು. ತೊಟ್ಟಿಗೆ ಮಾತ್ರ ಅಂದುಕೊಂಡಿದ್ದೆ. ಆಮೇಲೆ ಮನುಷ್ಯರ ಬಗ್ಗೆಯೂ ಅದನ್ನೇ ಹೇಳುವುದನ್ನು ಕೇಳಿದ್ದೇನೆ.

ಗಾಡಿಯಲ್ಲಿ ಅವರ ಕಾಯಿದೆಗಳೇ ಬೇರೆ. ಊಟಕ್ಕೆ ಮುತ್ತುಗದ ಎಲೆ, ತೊಳೆಯುವ ತಟ್ಟೆಯೇ ಇಲ್ಲ. ಪಾತ್ರೆಯನ್ನು ಮೊದಲು ಒಣ ಬೂದಿಯಲ್ಲಿ ಉಜ್ಜಿ ಒರೆಸಿ, ಕೊನೆಗೆ ಒಂದು ಚೊಂಬು ನೀರು ತೋರಿಸಿದರೆ ಮುಗಿಯಿತು. ಅಕ್ಕಿ ತೊಳೆದ ನೀರಲ್ಲೇ ತರಕಾರಿ ತೊಳೆದು, ಅದನ್ನು ಯಾರ ಮನೆಯ ಎಮ್ಮೆಗಾದರೂ ಕೊಟ್ಟುಬಿಡುವುದು. ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡರೆ ಸ್ನಾನ. ಆದರೆ ಕುಡಿಯುವ ನೀರಿಗೆ ಮಾತ್ರ ಯಾರೂ ಜಿಪುಣತನ ಮಾಡಬಾರದು. ಅದರಲ್ಲಿ ಕಟ್ಟುನಿಟ್ಟು.

ಅದಕ್ಕೆ ಕಾರಣವಿತ್ತು. ಸರ್ವೀಸಿನುದ್ದಕ್ಕೂ ಅವರು ಹಳ್ಳಿ ಹಳ್ಳಿ ಸುತ್ತಿದವರು. ಹೆಂಗಸು ಹೋಗಿಬರಲು ಒಂದು ಮರೆಯಿಲ್ಲದ ಶಾಲೆಗಳು, ಗಂಡಸರೇ ತುಂಬಿದ ಬಸ್ಸು. ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ನಾಲಗೆಗೆ ನೀರು ಮುಟ್ಟಿಸುತ್ತಿರಲಿಲ್ಲ. ಕೊನೆಗೆ ಮೂತ್ರಪಿಂಡದಲ್ಲಿ ಕಲ್ಲು ಬೆಳೆದು ಆಸ್ಪತ್ರೆ ಸೇರಿದರು. "ಹೆಣ್ಮಕ್ಕಳಿಗೆ ವಿದ್ಯೆ ಕಲಿಸ್ತೀನಿ ಅಂತ ಹೋಗಿ, ನಾನು ಕಲ್ತಿದ್ದು ಬಾಯಾರ್ಕೆ ತಡ್ಕೊಳೋ ವಿದ್ಯೆ" ಎನ್ನುತ್ತಿದ್ದರು.

ನಮ್ಮ ಅತ್ತೆಯ ವಿಷಯ ಅವರಿಗೆ ಯಾರೂ ಹೇಳದೆ ಗೊತ್ತಾದದ್ದು ಬಹುಶಃ ಇದರಿಂದಲೇ.

ಅತ್ತೆ ವರ್ಷಗಳಿಂದ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಮದುವೆ, ನಾಮಕರಣ, ಕೊನೆಗೆ ಚಾಮುಂಡಿ ಬೆಟ್ಟಕ್ಕೂ ಇಲ್ಲ. ಅರಮನೆಯ ನೌಕರಿಯಲ್ಲಿದ್ದ ಮಾವ ತೀರಿಕೊಂಡ ಮೇಲೆ ಅವರಿಗೆ ವೈರಾಗ್ಯ ಬಂದಿದೆಯೆಂದು ನೆಂಟರು ಗೌರವದಿಂದ ಹೇಳುತ್ತಿದ್ದರು. ಅವರ ಸೀರೆಗಳನ್ನು ನೆನೆಹಾಕುತ್ತಿದ್ದ ನನಗೆ ನಿಜ ತಿಳಿದಿತ್ತು. ಸಾಲಾಗಿ ಹೆತ್ತ ಮೈ. ಮೂತ್ರ ತಡೆಯುವ ಶಕ್ತಿ ಹೋಗಿತ್ತು. ಒಂದು ದಿನ ಇನ್‌ಸ್ಪೆಕ್ಟ್ರಮ್ಮ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ನಿಮ್ಮತ್ತೆ ಹೊರಗೆ ಬರದೇ ಇರುವುದಕ್ಕೆ ಕಾರಣ ಅದೇ ತಾನೇ ಎಂದು ಮೆಲ್ಲಗೆ ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಒಂದು ಮಳೆಗಾಲದ ಮೊದಲಿಗೆ, ಗುಂಡ್ಲುಪೇಟೆಯ ಆಚೆಯ ಹಳ್ಳಿಯಿಂದ ಅತ್ತೆಯ ಅಕ್ಕನ ಮಗ ಬಂದ. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ತಂಗಿಯನ್ನು ನೋಡಬೇಕೆನ್ನುತ್ತಿದ್ದಾಳೆ ಎಂದ. ಅತ್ತೆ ಅವನಿಗೆ ಬಡಿಸಿ, ಕಳುಹಿಸಿ, ಅಡುಗೆಮನೆಯ ಗೋಡೆಗೊರಗಿ ಕೂತುಬಿಟ್ಟರು. ಆ ಹಳ್ಳಿಯಲ್ಲಿ ಎಲ್ಲರೂ ಬಯಲಿಗೇ ಹೋಗಬೇಕು. ಮಗ, ಅಂದರೆ ನನ್ನ ಗಂಡ, ಎಷ್ಟು ಕೇಳಿದರೂ ಬರಲ್ಲ ಎಂದಷ್ಟೇ ಹೇಳಿದರು.

ನಾನು ಎದುರುಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಇನ್‌ಸ್ಪೆಕ್ಟ್ರಮ್ಮ ತಾವೇ ಬಂದು, ಅತ್ತೆಯ ಮುಂದೆ ನೆಲದ ಮೇಲೆ ಕೂತು, ಗಾಡಿಯಲ್ಲಿ ಏನೇನಿದೆಯೆಂದು ವಿವರಿಸಿದರು. ಯಾಕೆ ವಿವರಿಸುತ್ತಿದ್ದೇನೆಂದು ಹೇಳಲಿಲ್ಲ. ಅತ್ತೆ, "ನನ್ನ ನೀರು ನಾನೇ ತರ್ತೀನಿ. ಬೇಜಾರು ಮಾಡ್ಕೋಬಾರ್ದು" ಎಂದರು. ಮಡಿಯ ಹೆಂಗಸು, ಒಕ್ಕಲಿಗರ ಕೈಯ ನೀರು ಕುಡಿಯುವವರಲ್ಲ. ಇನ್‌ಸ್ಪೆಕ್ಟ್ರಮ್ಮ, "ಅದ್ಕೇನಂತೆ, ತನ್ನಿ ಬುಡಿ" ಎಂದರು.

ಹೀಗೆ ನಾವು ಮೂವರು ಹೆಂಗಸರು ಹೊರಟೆವು. ಹಳ್ಳಿಯಲ್ಲಿ ಅತ್ತೆಯ ಅಕ್ಕನ, ಅಂದರೆ ದೊಡ್ಡಮ್ಮನ, ಮನೆಯ ಅಂಗಳದಂಚಿನ ಹೊಂಗೆಮರದ ಕೆಳಗೆ ಗಾಡಿ ನಿಂತಿತು. ಅತ್ತೆ ಹಗಲೆಲ್ಲ ಅಕ್ಕನ ಹಾಸಿಗೆಯ ಪಕ್ಕದಲ್ಲಿರುವರು, ಬೇಕಾದಾಗ ಗಾಡಿಗೆ ಬಂದುಹೋಗುವರು. ಇಬ್ಬರೂ ತಮ್ಮ ತವರಿನ ಯಾವುದೋ ಹಲಸಿನಮರದ ವಿಷಯಕ್ಕೆ ಜಗಳವಾಡಿದ್ದನ್ನು, ಜಗಳವಾಡಿ ನಕ್ಕದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಅತ್ತೆ ಹಾಗೆ ನಗುವುದನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಒಂದೆರಡು ದಿನಕ್ಕೊಮ್ಮೆ ಗುಂಡ್ಲುಪೇಟೆಯ ಪ್ರವಾಸಿ ಬಂಗಲೆಗೆ ಹೋಗಿ, ಅಲ್ಲಿನ ಗುಂಡಿಗೆ ತೊಟ್ಟಿ ಬಗ್ಗಿಸಿ ಬರುವುದೆಂದು ಇನ್‌ಸ್ಪೆಕ್ಟ್ರಮ್ಮ ಲೆಕ್ಕ ಹಾಕಿದ್ದರು. ಆದರೆ ಮಳೆ ಜೋರಾಗಿ ಹಿಡಿದು, ದಾರಿಯ ಹಳ್ಳ ಏರಿ, ಗಾಡಿ ದಾಟುವಂತಿರಲಿಲ್ಲ. ಅಂಗಳದಲ್ಲಿ ತೊಟ್ಟಿಯ ತೂಬು ತೆಗೆಯುವ ಮಾತೇ ಇಲ್ಲ. ಇಳಿಜಾರು ನೇರ ಬಾವಿಯ ಕಡೆಗಿತ್ತು. ಇಡೀ ಕೇರಿ ಕುಡಿಯುವ ಬಾವಿ. ಇನ್‌ಸ್ಪೆಕ್ಟ್ರಮ್ಮನೂ ನಾನೂ ಕೊಡೆ ಹಿಡಿದು ಹೊಲದಂಚಿಗೆ ಹೋಗಲು ಶುರುಮಾಡಿದೆವು. ಗಾಡಿಯ ಕಕ್ಕಸು ಅತ್ತೆಯೊಬ್ಬರಿಗೇ ಉಳಿಯಿತು. ಆದರೂ ಬೆಳಗಿನ ಕುಟ್ಟುವ ಸದ್ದು ದಿನದಿಂದ ದಿನಕ್ಕೆ ಮೇಲಿನವರೆಗೂ ದಬ್ ದಬ್ ಎನ್ನತೊಡಗಿತು.

ಮಂಚದ ಮೇಲೆ ಮಲಗಿದ್ದ ಅತ್ತೆಗೂ ಆ ಸದ್ದು ಕೇಳಿಸುತ್ತಿತ್ತೆಂದು ನಮಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕನಿಗೆ ಗಂಜಿ ಕುಡಿಸಿ ಏಳುವಾಗ ಅತ್ತೆ ಓಲಾಡಿ ನನ್ನ ಮೇಲೆ ಒರಗಿದರು. ತುಟಿ ಒಡೆದಿತ್ತು. ಗಾಡಿಗೆ ಕರೆತಂದು ಮಲಗಿಸಿದೆ. ಇನ್‌ಸ್ಪೆಕ್ಟ್ರಮ್ಮ ಅವರ ಮುಖ ನೋಡಿ, ಆಮೇಲೆ ಅವರ ತಾಮ್ರದ ಕೂಜವನ್ನು ಎತ್ತಿ ನೋಡಿದರು. ಬೆಳಿಗ್ಗೆ ನಾನು ಬಾವಿಯಿಂದ ಸೇದಿ ತುಂಬಿಟ್ಟ ನೀರು ಹಾಗೇ ಇತ್ತು.

"ಅಮ್ಮಾವ್ರೆ, ನೀವು ನೀರು ಕುಡೀತಾ ಇಲ್ಲ."

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಕುಡಿದ್ರೆ ಹೋಗ್ಬೇಕಲ್ಲಮ್ಮ. ಅದು ಉಕ್ಕಿದ್ರೆ ಅಕ್ಕನ ಅಂಗಳಕ್ಕೇ ತಾನೇ ಬೀಳೋದು? ಸಾಯೋ ಮುಂದೆ ನನ್ನಿಂದ ಅವಳಿಗೆ ಅದೊಂದು ಬೇಡ."

ಇನ್‌ಸ್ಪೆಕ್ಟ್ರಮ್ಮ ಗಾಡಿಯಿಂದ ಕೆಳಗಿಳಿದರು. ದೊಡ್ಡಮ್ಮನ ಮಗನನ್ನು ಕರೆದು, ಬಾವಿಗೆ ದೂರದ ಎತ್ತರದ ಜಾಗ ಯಾವುದೆಂದು ಕೇಳಿದರು. ಅವನಿಗೆ ವಿಷಯ ಅರ್ಥವಾಗಿ ಮುಖ ಕೆಂಪಾಯಿತು. ನೀವು ಒಳಗಿರಿ, ಊರಾಚೆಯಿಂದ ಯಾರನ್ನಾದರೂ ಕರೆಸುತ್ತೇನೆ, ಅವರು ಹೊತ್ತುಹಾಕುತ್ತಾರೆ ಎಂದ. ಆ ಕಾಲಕ್ಕೆ ಅದು ಯಾರ ಬಾಯಲ್ಲೂ ಬರಬಹುದಾದ ಮಾತೇ. ನಾನೂ ಹಾಗೇ ಆಗುತ್ತದೆಂದುಕೊಂಡಿದ್ದೆ.

"ಬೇಡ" ಎಂದರು ಇನ್‌ಸ್ಪೆಕ್ಟ್ರಮ್ಮ. "ನಮ್ದನ್ನ ಅವರ್ಯಾಕೆ ಹೊರಬೇಕು? ಒಂದು ಗುದ್ದಲಿ ಕೊಡಿ. ನಮ್ಮಪ್ಪ ಹೊಲ ಉತ್ತೋನು, ನಂಗೇನು ಹೊಸ್ದಲ್ಲ."

ಮಳೆ ಬಿಟ್ಟಿತ್ತು. ಮನೆಯ ಹಿಂದಿನ ದಿಣ್ಣೆಯಲ್ಲಿ ಅವರು ಅಗೆಯುತ್ತಾ ಹೋದರು, ನಾನು ಮಣ್ಣು ಎಳೆದೆ. ಮೊಳಕಾಲು ಮುಚ್ಚುವಷ್ಟು ಆಳವಾದ ಮೇಲೆ ಗಾಡಿಯ ತೂಬಿಗೆ ಡಬ್ಬ ಹಿಡಿದು ತುಂಬಿಸಿ, ಒಬ್ಬರಾದ ಮೇಲೊಬ್ಬರು ಹೊತ್ತೆವು. ಮೊದಲ ಡಬ್ಬ ಎತ್ತಿ ನಾನು ಮೂಗಿಗೆ ಸೆರಗೊತ್ತಿಕೊಂಡೆ. ಅವರು ನೋಡಿ, "ಉಸಿರು ಬಾಯಲ್ಲಿ ಬುಡು, ದೂರ ನೋಡ್ಕೊಂಡು ನಡಿ" ಎಂದರಷ್ಟೇ. ಬೀದಿಯ ಜನ ಜಗಲಿಗಳಲ್ಲಿ ಬಂದು ನಿಂತಿದ್ದರು. ಬಿಳಿ ಸೀರೆಯನ್ನು ಮೇಲೆತ್ತಿ ಕಟ್ಟಿದ, ಒಳಗೆ ಬಂದರೆ ಶಾಲೆಗೆ ಶಾಲೆಯೇ ಎದ್ದು ನಿಲ್ಲುತ್ತಿದ್ದ ಆ ಹೆಂಗಸು ಯಾರ ಕಡೆಗೂ ನೋಡದೆ ಹೋಗಿ ಬರುತ್ತಿದ್ದರು. ಕೊನೆಗೆ ಬೂದಿ ಸುರಿದು, ಮಣ್ಣು ಮುಚ್ಚಿ ತುಳಿದು, ದನ ಕಾಲಿಡದಂತೆ ಮುಳ್ಳು ಎಳೆದೆವು. ಹೊಂಗೆಮರದ ಕೆಳಗೆ ಬಂದಾಗ ಅತ್ತೆ ಗಾಡಿಯಿಂದಿಳಿದು, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ತುಂಬಿದ ಚೊಂಬು ಹಿಡಿದು ನಿಂತಿದ್ದರು.

ಅವರೇ ಇನ್‌ಸ್ಪೆಕ್ಟ್ರಮ್ಮನ ಕೈಗೆ ನೀರು ಹೊಯ್ದರು. ಸೀಗೇಪುಡಿ ಕೊಟ್ಟು ಮತ್ತೆ ಹೊಯ್ದರು. ಆಮೇಲೆ, "ನನಗೂ ಒಂದು ಲೋಟ ಕುಡಿಯೋಕೆ ಕೊಡೀಮ್ಮ" ಎಂದರು.

ಇನ್‌ಸ್ಪೆಕ್ಟ್ರಮ್ಮ ಕೂಜ ತರಲು ನನಗೆ ಸನ್ನೆ ಮಾಡಿದರು.

"ಅದಲ್ಲ" ಎಂದರು ಅತ್ತೆ. "ನಿಮ್ಮದನ್ನೇ ಕೊಡಿ."

ಪೀಪಾಯಿಯಿಂದ ಬಗ್ಗಿಸಿಕೊಟ್ಟ ನೀರನ್ನು ಅತ್ತೆ ಅಲ್ಲೇ ನಿಂತು ಕುಡಿದರು. ಇನ್ನೊಂದು ಲೋಟ ಕೇಳಿದರು. ಇನ್‌ಸ್ಪೆಕ್ಟ್ರಮ್ಮನ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರು ತಕ್ಷಣ ತಿರುಗಿ ಗುದ್ದಲಿ ತೊಳೆಯಲು ಹೋದರು.

ಹಳ್ಳ ಇಳಿದ ಮೇಲೂ ಅಕ್ಕ ತಂಗಿ ಒಂದಷ್ಟು ದಿನ ಜೊತೆಗಿದ್ದರು. ನಾವು ಮೈಸೂರಿಗೆ ಮರಳಿದ ಸ್ವಲ್ಪ ದಿನಕ್ಕೆ ದೊಡ್ಡಮ್ಮ ಹೋದರೆಂದು ಸುದ್ದಿ ಬಂತು. ಅತ್ತೆ ಅತ್ತರು, ಆದರೆ ನೋಡಲಾಗಲಿಲ್ಲವೆಂದು ಅಳಲಿಲ್ಲ.

ಆಗ ನಮ್ಮ ಬೀದಿಯ ಹಿಂದೆ ಒಂದು ಸಂದಿಯಿತ್ತು. ದಿನವೂ ಬೆಳಿಗ್ಗೆ ಒಬ್ಬ ಹೆಂಗಸು ಆ ಸಂದಿಯಿಂದ ಬಂದು ನಮ್ಮ ಕಕ್ಕಸಿನ ಬುಟ್ಟಿ ತೆಗೆದುಕೊಂಡು ಹೋಗುತ್ತಿದ್ದಳು. ಅವಳ ಮುಖವನ್ನು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನೋಡಿದ್ದಿಲ್ಲ. ಅತ್ತೆ ಮಗನನ್ನು ಕರೆದು, ಹಿತ್ತಲಲ್ಲಿ ಗುಂಡಿ ತೆಗೆಸಿ ಹೊಸ ಕಕ್ಕಸು ಕಟ್ಟಿಸು, ಇನ್ನು ನಮ್ಮ ಮನೆಯದನ್ನು ಅವಳು ಹೊರುವುದು ಬೇಡ ಎಂದರು. ಮುಂದಿನ ವರ್ಷ ನೋಡೋಣ ಎಂದ ಮಗನಿಗೆ, ಮುಂದಿನ ವಾರ ಎಂದರು. ಅವಳಿಗೆ ಹಿತ್ತಲಿನ ಗಿಡಗಳ ಕೆಲಸ ಕೊಟ್ಟರು. ಅವಳ ಮಗಳನ್ನು ಶಾಲೆಗೆ ಸೇರಿಸಿದ್ದು ಇನ್‌ಸ್ಪೆಕ್ಟ್ರಮ್ಮ. ಅದನ್ನು ಬೇರೆಯೇ ಬರೆಯಬೇಕು.

ಅತ್ತೆ ಹೋದ ಎಷ್ಟೋ ವರ್ಷಕ್ಕೆ, ಅರವತ್ತರ ದಶಕದ ಕೊನೆಯಲ್ಲಿ, ಇನ್‌ಸ್ಪೆಕ್ಟ್ರಮ್ಮ ಹಾಸಿಗೆ ಹಿಡಿದರು. ಅಷ್ಟರಲ್ಲಿ ಅವರು ಗಾಡಿಯನ್ನು ಹಳ್ಳಿಗಳಿಗೆ ಹೋಗುವ ಒಬ್ಬ ಲೇಡಿ ಡಾಕ್ಟರಿಗೆ ಕೊಟ್ಟುಬಿಟ್ಟಿದ್ದರು. ಊರಿಂದ ತಮ್ಮನ ಮಕ್ಕಳು ಬಂದುಹೋಗುತ್ತಿದ್ದರು, ಹಗಲು ನಾನು ಇರುತ್ತಿದ್ದೆ. ಮೊದಲ ದಿನ ನಾನು ಬೆಡ್‌ಪ್ಯಾನು ಎತ್ತಿದಾಗ ಅವರು ಗೋಡೆಯ ಕಡೆ ತಿರುಗಿದರು. ನಾನು ತೊಳೆದು ತಂದಾಗಲೂ ತಿರುಗೇ ಇದ್ದರು. ಮಾರನೆಯ ದಿನ ನನ್ನ ಮಗಳ ಪರೀಕ್ಷೆಯ ವಿಷಯ ಕೇಳಿದರು. ಅದರ ಮಾರನೆಯ ದಿನದಿಂದ ಸಂಕೋಚ ಬಿಟ್ಟು ಕರೆಯತೊಡಗಿದರು.

ಕೊನೆಯ ದಿನಗಳಲ್ಲೊಂದು ಮಧ್ಯಾಹ್ನ, ನಾನು ಪ್ಯಾನು ತೊಳೆದಿಟ್ಟು ಬಚ್ಚಲಿಂದ ಬಂದು ಬಾಗಿಲಲ್ಲಿ ನಿಂತೆ.

"ಕೈ ತೊಳ್ಕೊಂಡ್ಯಾ?" ಎಂದರು.

ತೊಳೆದುಕೊಂಡೆ ಎಂದೆ.

"ಹಂಗಾದ್ರೆ ಬಾ, ಕೂತ್ಕೋ" ಎಂದು, ಬಹಳ ಕಷ್ಟಪಟ್ಟು ಕಾಲು ಸರಿಸಿ ಮಂಚದ ಮೇಲೆ ನನಗೆ ಜಾಗ ಮಾಡಿಕೊಟ್ಟರು. ನಾನು ಸಂಜೆಯವರೆಗೂ ಅಲ್ಲೇ ಕೂತಿದ್ದೆ.